ಗಾಯ ಮಾಯುವ ನಿಯಮ

ಬ್ಯಾಂಡೇಜಿನ ಹಿಮ್ಮಡಿಯ ಮಡಿಕೆಯಲ್ಲಿ ಮೂರು ಅನ್ನದ ಅಗುಳು ಅಂಟಿ ಒಣಗಿದ್ದವು. ಮೌಶಿ ಅವನ್ನು ಉಗುರಿನಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡು, ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದ ಹೆಂಗಸಿಗೆ ತೋರಿಸಿದಳು.

"ಸಾಲಿಗಿ ಹೋಗಿದ್ದಿ."

"ಇಲ್ರಿ ಸಿಸ್ಟರ್, ಮನ್ಯಾಗೇ ಇದ್ನಿರಿ."

"ನಿಮ್ಮ ಮನ್ಯಾಗ ಇಷ್ಟು ದಪ್ಪ ಅಕ್ಕಿ ಯಾವಾಗ ಬಂತು? ಶುಗರ್ ಬಂದಾಗಿಂದ ಬರೇ ರೊಟ್ಟಿ ಅಂತಿದ್ದಿ."

ಹೆಂಗಸು ನನ್ನ ಕಡೆ ನೋಡಿದಳು. ಹತ್ತಿ, ಕತ್ತರಿ ಇದ್ದ ತಾಟು ಹಿಡಿದು ನಿಂತಿದ್ದ ನಾನು ತಾಟನ್ನೇ ನೋಡಿದೆ.

ಮೌಶಿ ನನ್ನ ಅಮ್ಮನ ತಂಗಿ. ಮಿಷನ್ ಕಾಲದ ಒಂದು ದವಾಖಾನೆಯಲ್ಲಿ ಇಡೀ ಪ್ರಾಯ ನರ್ಸ್ ಆಗಿದ್ದು, ಈಗ ನಿವೃತ್ತಳಾಗಿ ಭಾಲ್ಕಿಯಲ್ಲಿದ್ದಾಳೆ. ನಿವೃತ್ತಿ ಎಂದರೆ ದವಾಖಾನೆಯ ಬದಲು ಬಸ್ಸಿನಲ್ಲಿ ಓಡಾಡುವುದು, ಅಷ್ಟೇ. ನಮ್ಮ ಚರ್ಚಿನವರು ಕರೆದರೂ ಹೋಗುತ್ತಾಳೆ, ಬೇರೆಯವರು ಕರೆದರೂ ಹೋಗುತ್ತಾಳೆ. ಈ ಹೆಂಗಸು ಠಾಣಾ ಕುಶನೂರಿನ ಒಂದು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಒಲೆಗೆಂದು ತೊಗರಿ ಕಟ್ಟಿಗೆ ಆರಿಸಲು ಹೊಲಕ್ಕೆ ಹೋದಾಗ, ಕೊಯ್ದ ಗಿಡದ ಕೂಳೆ ಚಪ್ಪಲಿ ಹಾಯ್ದು ಅಂಗಾಲಿಗೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದದ್ದರಿಂದ ಮೂರು ದಿನ ಅವಳಿಗೆ ಗೊತ್ತೇ ಆಗಲಿಲ್ಲ. ಔರಾದಿನ ಡಾಕ್ಟರು ನೋಡಿ, ಕೆಂಪು ಹಿಮ್ಮಡಿ ದಾಟಿ ಮೇಲೆ ಹತ್ತಿದರೆ ಪಾದ ತೆಗೆಯಬೇಕಾಗುತ್ತದೆ ಎಂದು ನೇರವಾಗಿ ಹೇಳಿದ್ದರು. ಮಾತ್ರೆ ನುಂಗಬೇಕು, ದಿನಾ ಡ್ರೆಸ್ಸಿಂಗ್ ಆಗಬೇಕು, ಕಾಲು ನೆಲಕ್ಕೆ ಊರಬಾರದು. ಡ್ರೆಸ್ಸಿಂಗನ್ನು ಮೌಶಿ ವಹಿಸಿಕೊಂಡಿದ್ದಳು.

ನಾನು ಭಾಲ್ಕಿಗೆ ಬಂದದ್ದು ಬೇರೆಯೇ ಕೆಲಸಕ್ಕೆ. ಬೀದರಿನಲ್ಲಿ ಭಾನುವಾರ ಮಧ್ಯಾಹ್ನ ನಾವು ನಾಲ್ವರು ಕಾಲೇಜಿನ ಗೆಳತಿಯರು ಸೇರಿ ಒಂದು ಆಟ ಆಡುತ್ತೇವೆ. ಅದಕ್ಕೆ ಬೇಕಾದದ್ದು ಕಾಗದ, ಪೆನ್ಸಿಲು, ಕೆಲವು ದಾಳಗಳು ಮತ್ತು ಮಾತು. ಒಬ್ಬಳು ಕಥೆ ನಡೆಸುತ್ತಾಳೆ, ಉಳಿದವರು ಅದರೊಳಗಿನ ಜನರಾಗುತ್ತಾರೆ. ಹೊಡೆದ ಕತ್ತಿ ತಾಗಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ನಡೆಸುವವಳು ನಾನು. ನಿಯಮಗಳನ್ನು ಬರೆದವಳೂ ನಾನೇ. ಕೆಂಪು ಮಣ್ಣಿನ, ಹಾಳು ಕೋಟೆಗಳ, ನೀರು ಕಡಿಮೆ ಇರುವ ಒಂದು ಸೀಮೆ ಅದು. ಮಂತ್ರ ಬಲ್ಲವರು ಅಲ್ಲಿ ತೀರ ಅಪರೂಪ, ಹಾಗಾಗಿ ಗಾಯಕ್ಕೆ ಮಂತ್ರದ ಮದ್ದಿಲ್ಲ. ನಾನು ಓದಿದ್ದೂ ಕಲಿಸುವುದೂ ಗಣಿತ. ಅಪರಿಚಿತರೊಂದಿಗೆ ಮಾತಾಡುವುದಕ್ಕಿಂತ ಇಂಥ ಲೆಕ್ಕ ನನಗೆ ಸುಲಭ.

ಮೊದಲ ಕರಡಿನಲ್ಲಿ ಎಲ್ಲರಿಗೂ ಇಪ್ಪತ್ತು ಜೀವಾಂಕ ಕೊಟ್ಟಿದ್ದೆ. ಏಟು ಬಿದ್ದರೆ ಕಡಿಮೆಯಾಗುತ್ತವೆ, ಒಂದು ರಾತ್ರಿ ಮಲಗಿದರೆ ಪೂರ್ತಿ ತುಂಬುತ್ತವೆ. ಕೂಲಿ ಸಿಪಾಯಿಯ ಪಾತ್ರ ಆಡುವ ಗೆಳತಿ ಅದನ್ನು ಓದಿ ಕಾಗದ ಕೆಳಗಿಟ್ಟಳು.

"ಭಾಳ ಚೆಂದ ಅದ ನಿನ್ನ ರಾಜ್ಯ. ಮುಂಜಾನಿ ಹೊಟ್ಟಿ ಹರಕೊಂಡ್ರ ರಾತ್ರಿ ಮಕ್ಕೊಂಡು ಎದ್ದು ಬಿಡೋದು. ದವಾಖಾನಿ ಎಲ್ಲಾ ಬಂದ್ ಮಾಡಿ ಗಾದಿ ಅಂಗಡಿ ತಗೀರಿ."

ಎಲ್ಲರೂ ನಕ್ಕರು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಸಾವಿಗೆ ಹೆದರದವರ ಕೈಯಲ್ಲಿ ಕತ್ತಿ ಕೊಟ್ಟರೆ ಕಥೆ ಉಳಿಯುವುದಿಲ್ಲ. ಹಾಗಾಗಿ ಹೊಸದಾಗಿ ಒಂದು ಪಟ್ಟಿ ಮಾಡಿದೆ: ಎಡಕ್ಕೆ ಗಾಯದ ಬಗೆ, ಬಲಕ್ಕೆ ಮಾಯಲು ಬೇಕಾದ ದಿನ. ಬಲಗಡೆ ಖಾಲಿ ಇತ್ತು, ಯಾಕೆಂದರೆ ಊಹೆಯ ಸಂಖ್ಯೆ ಬರೆಯಲು ನನಗೆ ಮನಸ್ಸಿರಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ಮುಗಿದು ಪಾಠ ಶುರುವಾಗಲು ವಾರವಿತ್ತು. ಪಟ್ಟಿ ಬರೆದ ಪುಸ್ತಕ ಹಿಡಿದು ಭಾಲ್ಕಿ ಬಸ್ಸು ಹತ್ತಿದೆ.

ಬಂದ ಸಂಜೆಯೇ ಕೇಳಿದೆ. "ಮೌಶಿ, ಅಂಗಾಲಿನ ಗಾಯ ಮಾಯಾಕ ಎಷ್ಟು ದಿನ ಬೇಕು?"

"ಯಾರ ಅಂಗಾಲು?"

"ಯಾರದಾದ್ರೂ."

"ಹಾಂಗಂದ್ರ ನನಗ ಗೊತ್ತಿಲ್ಲ," ಎಂದು ರೊಟ್ಟಿ ತಿರುವಿ ಹಾಕಿದಳು. ನನ್ನ ಪ್ರಶ್ನೆ ಅವಳಿಗೆ ತಿಳಿಯಲಿಲ್ಲ ಎಂದುಕೊಂಡೆ. ಮರುದಿನ ಗುರುವಾರ ಅವಳ ಜೊತೆ ಕುಶನೂರಿಗೆ ಹೋದದ್ದು, ಸರಿಯಾಗಿ ಕೇಳಲು ಇನ್ನೊಂದು ಅವಕಾಶ ಸಿಗಲಿ ಎಂದು.

ಅಲ್ಲಿ ಕೇಳಲು ಬಾಯಿ ಬರಲಿಲ್ಲ. ಅವಳು ಕೆಲಸ ಮಾಡುವುದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮೌಶಿ ಬ್ಯಾಂಡೇಜನ್ನು ತಕ್ಷಣ ಬಿಚ್ಚುವುದಿಲ್ಲ, ಮೊದಲು ಹೊರಗಿನಿಂದ ಓದುತ್ತಾಳೆ. ಎಲ್ಲಿ ಕೊಳೆಯಾಗಿದೆ, ಎಲ್ಲಿ ಒದ್ದೆ, ಯಾವ ಮಗ್ಗುಲು ಸಡಿಲ. ಆಮೇಲೆ ಬಗ್ಗಿ ಮೂಸುತ್ತಾಳೆ. ಬಿಚ್ಚುವುದು ಕೊನೆಗೆ. ಬಿಚ್ಚಿ ತೊಳೆದ ಮೇಲೆ, ಹೊಸ ಸೀರೆಯ ಜೊತೆ ಬರುವಂಥ ತೆಳು ಪ್ಲಾಸ್ಟಿಕ್ ಹಾಳೆಯ ತುಂಡನ್ನು ಸ್ಪಿರಿಟಿನಲ್ಲಿ ಒರೆಸಿ ಗಾಯದ ಮೇಲೆ ಹಿಡಿದು, ಅಂಚನ್ನು ಪೆನ್ನಿನಿಂದ ಗೀಚಿಕೊಂಡು, ಮೂಲೆಯಲ್ಲಿ ತಾರೀಖು ಬರೆಯುತ್ತಾಳೆ. ಇದನ್ನು ಯಾವ ಡಾಕ್ಟರೂ ಅವಳಿಂದ ಕೇಳಿರಲಿಲ್ಲ. ಆ ದಿನದ್ದು ಏಳನೆಯ ತುಂಡು. ಏಳನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಆರು ಗೆರೆಗಳು ಒಂದರೊಳಗೊಂದು ಚಿಕ್ಕದಾಗುತ್ತ ಹೋಗಿದ್ದವು. ಏಳನೆಯದು ಮೂರನೆಯದರಷ್ಟು ದೊಡ್ಡದಿತ್ತು.

"ನೋಡು. ನಿನ್ನೆ ಒಂದು ದಿನದಾಗ ಇಷ್ಟು ಹಿಂದಕ್ಕ ಹೋತು," ಎಂದಳು ಆ ಹೆಂಗಸಿಗೆ. ದನಿಯಲ್ಲಿ ಬೈಗುಳವಿರಲಿಲ್ಲ. ನಾನು ಎರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಯಾವ ವಿದ್ಯಾರ್ಥಿಯ ಉತ್ತರವನ್ನೂ ಅಷ್ಟು ಗಮನವಿಟ್ಟು ಓದಿಲ್ಲ.

ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು. "ಏನ್ ಮಾಡ್ಲಿರಿ ಸಿಸ್ಟರ್. ಅಡಗಿ ಮಾಡೋ ಇನ್ನೊಬ್ಬಾಕಿ ತನ್ನ ಮಗಳ ಬಾಣಂತನಕ್ಕ ಉದಗೀರಕ್ಕ ಹೋಗ್ಯಾಳ. ಮಕ್ಕಳು ತಾಟ ಹಿಡಕೊಂಡು ಕುಂತಿರ್ತಾವ. ನಾ ಹೋಗಲಿಲ್ಲಂದ್ರ ಬ್ಯಾರೆಯವ್ರು ಬರ್ತಾರ, ಬಂದವ್ರು ಹೋಗಂಗಿಲ್ರಿ. ನೋವಿದ್ರ ಕುಂದರ್ತಿದ್ನಿ. ನೋವೇ ಇಲ್ಲ."

"ಅದೇ ನನಗ ಅಂಜಿಕಿ," ಎಂದಳು ಮೌಶಿ.

ಆಮೇಲೆ ಹೆಂಗಸಿನ ಕಣ್ಣು ನನ್ನ ಪುಸ್ತಕದ ಮೇಲೆ ಬಿತ್ತು. "ಇವರೇನು ಬರಕೋತಾರ್ರಿ? ಸರ್ಕಾರದವರೇನ್ರಿ?"

"ಏ, ಸರ್ಕಾರ ಎಲ್ಲೀದು. ನಮ್ಮ ಅಕ್ಕನ ಮಗಳು. ಒಂದು ಆಟ ಮಾಡ್ಯಾಳ. ಅದರಾಗ ಬಡದಾಡಿ ಗಾಯ ಮಾಡ್ಕೋತಾರ, ಆಮ್ಯಾಲ ದಾಳ ಒಗದು ಆರಾಮ ಆಗ್ತಾರ."

"ಪಗಡಿ ಹಾಂಗೇನ್ರಿ? ನಂದೂ ಒಂದ್ ಒಗೀರಲಾ ಅಕ್ಕಾರ!"

ಇಪ್ಪತ್ತು ಮುಖದ ದಾಳವನ್ನು ಚೀಲದಿಂದ ತೆಗೆದುಕೊಟ್ಟೆ. ಅದನ್ನು ನೆಲ್ಲಿಕಾಯಿಯಂತೆ ತಿರುಗಿಸಿ ನೋಡಿ, ಕೌದಿಯ ಮೇಲೆ ಉರುಳಿಸಿದಳು. ಎರಡು ಬಿತ್ತು.

"ಎರಡು. ಚಲೋ ಏನ್ರಿ?"

"ಇಲ್ರಿ," ಎಂದೆ. ಸುಳ್ಳು ಹೇಳಬಹುದಿತ್ತು, ತೋಚಲಿಲ್ಲ.

ಅವಳು ಜೋರಾಗಿ ನಕ್ಕಳು. "ಹಾಂಗಾದ್ರ ನನಗ ಸಿಸ್ಟರೇ ಚಲೋ ಬಿಡ್ರಿ."

ಮೌಶಿ ಹೊಸ ಬ್ಯಾಂಡೇಜು ಕಟ್ಟಿ, ಕೈ ತೊಳೆದು, ನೇರ ಶಾಲೆಗೆ ನಡೆದಳು. ನಾನು ಹಿಂದೆ. ಮುಖ್ಯೋಪಾಧ್ಯಾಯಿನಿಯ ಎದುರು ಅವಳು ಕೈಮುಗಿದು ಬೇಡಲಿಲ್ಲ, ದನಿ ಏರಿಸಲೂ ಇಲ್ಲ. "ಆಕಿ ನಿಂತು ಅಡಗಿ ಮಾಡಿದ್ರ ಪಾದ ಹೋಗ್ತದರಿ ಮೇಡಂ. ಪಾದ ಹೋದಮ್ಯಾಲ ಹ್ಯಾಂಗೂ ಬರಂಗಿಲ್ಲ. ಹದಿನೈದು ದಿನ ಬದಲಿ ನಾ ಕೊಡ್ತೇನಿ. ಹೆಸರು ಆಕೀದೇ ಇರ್ಲಿ."

"ಬದಲಿ ಯಾರ್ರಿ ಸಿಸ್ಟರ್?"

ಅಲ್ಲೇ ಫೋನು ಮಾಡಿದಳು. ಸಾಯಗಾಂವದಲ್ಲಿದ್ದ ಆ ಹೆಂಗಸಿನ ತಂಗಿ ಸೋಮವಾರದಿಂದ ಬರುತ್ತೇನೆಂದಳು. ಶನಿವಾರ ಪಕ್ಕದ ಮನೆಯವಳು ಒಪ್ಪಿದಳು.

"ನಾಳೆ?" ಎಂದರು ಮುಖ್ಯೋಪಾಧ್ಯಾಯಿನಿ.

ಮೌಶಿ ಇನ್ನೊಂದು ನಂಬರು ಹುಡುಕುತ್ತಿದ್ದಳು. "ನಾಳೆ ನಾ ಬರ್ತೇನಿ," ಎಂದೆ. ನನಗೇ ಆಶ್ಚರ್ಯವಾಯಿತು.

"ನಿಮಗ ಎಂಬತ್ತು ಮಕ್ಕಳಿಗಿ ಅಡಗಿ ಬರ್ತದೇನ್ರಿ?"

"ಬರಂಗಿಲ್ರಿ."

"ಕಲೀತಾಳ ಬಿಡ್ರಿ. ಆಟ ಬರದಾಳ, ಸಾರು ಮಾಡ್ಲಾಕ ಏನ್ ಆಗ್ತದ," ಎಂದಳು ಮೌಶಿ. ಮುಖ್ಯೋಪಾಧ್ಯಾಯಿನಿ ನಕ್ಕು, ತಾವೂ ಅಡುಗೆಮನೆಯಲ್ಲಿ ನಿಲ್ಲುವುದಾಗಿ ಹೇಳಿದರು.

ತಿರುಗಿ ಬರುವ ಬಸ್ಸಿನಲ್ಲಿ ದಿನಗಳ ಅಂಕಣಕ್ಕೆ ಅಡ್ಡಗೆರೆ ಎಳೆದು ಹೊಸದಾಗಿ ಬರೆದೆ. ಗಾಯಗೊಂಡವರು ತಮ್ಮ ಗಾಯಕ್ಕೆ ದಾಳ ಒಗೆಯುವಂತಿಲ್ಲ. ಅವರ ಪಾಲಿನ ಕೆಲಸ, ಅಂದರೆ ಕಾವಲು, ನೀರು, ಕುದುರೆ, ಏನಿದ್ದರೂ ಅದನ್ನು ಮತ್ತೊಬ್ಬರು ತಮ್ಮ ದಿನ ಬಿಟ್ಟು ಮಾಡಬೇಕು. ಆಗ ಮಾತ್ರ ಆ ದಿನ ಗಾಯಕ್ಕೆ ಸಲ್ಲುತ್ತದೆ. ಯಾರೂ ಬಿಡದಿದ್ದರೆ ಎಷ್ಟು ರಾತ್ರಿ ಮಲಗಿದರೂ ಇದ್ದಷ್ಟೇ. ಗಾಯ ಎಷ್ಟು ಆಳವೆಂಬುದನ್ನು ಕಥೆ ನಡೆಸುವವಳು ಮುಚ್ಚಿಟ್ಟುಕೊಂಡಿರಬೇಕು. ಕಟ್ಟು ಬಿಚ್ಚಿ ನೋಡಿದವರಿಗಷ್ಟೇ ಹೇಳಬೇಕು. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾದವು. ಮೌಶಿಗೆ ಓದಿ ಹೇಳಿದಾಗ, "ಕುದುರಿ ಯಾಕ, ಎಮ್ಮಿ ಇಲ್ಲೇನು ನಿಮ್ಮ ರಾಜ್ಯದಾಗ?" ಎಂದಳು. ಎಮ್ಮೆಯನ್ನೂ ಸೇರಿಸಿದೆ.

ಆ ನಿಯಮದಿಂದಲೇ ಈಗಲೂ ಆಡುತ್ತೇವೆ. ಗಾದಿ ಅಂಗಡಿಯ ಮಾತಾಡಿದ ಗೆಳತಿ ಒಮ್ಮೆ ಕೋಟೆ ಗೆಲ್ಲುವ ಸರದಿ ಬಿಟ್ಟು, ಇನ್ನೊಬ್ಬಳ ಮುರಿದ ಕಾಲಿಗಾಗಿ ಮೂರು ದಿನ ನೀರು ಹೊತ್ತಳು. ಕುಶನೂರಿನ ಹೆಂಗಸಿನ ಪಾದ ಉಳಿಯಿತು. ಮಾಯಲು ಹದಿನೈದು ದಿನ ಸಾಲದೆ ಎರಡೂವರೆ ತಿಂಗಳು ಹಿಡಿಯಿತು, ಅವಳ ತಂಗಿ ಅಷ್ಟು ದಿನವೂ ಬಂದಳು. ಆದರೆ ಆ ಗುರುವಾರ ಇದಾವುದೂ ಗೊತ್ತಿರಲಿಲ್ಲ. ಮಲಗುವ ಮೊದಲು ಮೌಶಿ ಒಂದೇ ಮಾತು ಹೇಳಿದಳು: "ನಾಳೆ ಆಕಿ ಮನಿಗಿ ಹೋಗಬ್ಯಾಡ ಪೋರಿ. ಹೋದ್ರ ಚಹಾ ಮಾಡ್ತೇನಂತ ಏಳ್ತಾಳ. ಡ್ರೆಸ್ಸಿಂಗಿಗಿ ನಾ ಆಮ್ಯಾಲಿನ ಬಸ್ಸಿಗಿ ಬರ್ತೇನಿ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕುಶನೂರಿನಲ್ಲಿ ಇಳಿದೆ. ಅವಳ ಮನೆಯ ಬಾಗಿಲು ತೆರೆದಿತ್ತು, ಒಳಗೆ ಕೆಮ್ಮಿದ ಸದ್ದು ಕೇಳಿಸಿತು. ಚಪ್ಪಲಿಯ ಸಪ್ಪಳವಾಗದಂತೆ ಅದನ್ನು ದಾಟಿ ಶಾಲೆಗೆ ಹೋಗಿ, ಅಡುಗೆಮನೆಯ ಕೀಲಿ ಇಸಿದುಕೊಂಡು, ತೊಗರಿಬೇಳೆ ತೊಳೆಯಲು ಕೂತೆ.