ಗೂಟದಲ್ಲಿ ಉಳಿದ ಕೀಲೆಣ್ಣೆ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಹೊಸೂರಿನ ಹೊರಗೆ, ಕೃಷ್ಣಗಿರಿ ರಸ್ತೆಯ ಪಕ್ಕ, ತಗಡಿನ ಶೆಡ್ಡಿನಲ್ಲಿ ನಾನು ಮೋಟಾರು ರಿಪೇರಿ ಮಾಡಿಕೊಂಡಿದ್ದೆ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನ್ನ ಹತ್ತಿರ ಬಾಯಿಬಿಟ್ಟು ಮಾತಾಡುತ್ತಿದ್ದವನು ಒಬ್ಬನೇ: ಅಂಚೆಟ್ಟಿ ಕಡೆಯಿಂದ ಇದ್ದಿಲು ತರುತ್ತಿದ್ದ ಮುದುಕ ಗಾಡಿಯವನು. ವಾರಕ್ಕೆರಡು ಮಧ್ಯಾಹ್ನ ಎತ್ತುಗಳನ್ನು ಹುಣಸೆಮರಕ್ಕೆ ಕಟ್ಟಿ ಒಳಗೆ ಬಂದು, ಬಿಚ್ಚಿಟ್ಟ ಮೋಟಾರನ್ನು ನೋಡಿ, "ಇದಕ್ಕೆ ಹುಲ್ಲು ಹಾಕಿದ್ಯೇನ್ಲಾ?" ಎಂದು ಕೇಳುತ್ತಿದ್ದ. ಪ್ರತಿ ಸಲವೂ ಅದೇ ಪ್ರಶ್ನೆ, ಪ್ರತಿ ಸಲವೂ ನನಗೆ ನಗು. ಆಮೇಲೆ ಇಬ್ಬರೂ ಕೂತು ಮುದ್ದೆ ಉಣ್ಣುತ್ತಿದ್ದೆವು. ಉಳಿದ ಐದು ದಿನ ಒಬ್ಬನಿಗಾಗಿ ಮುದ್ದೆ ತೊಳಸುವುದೇ ಬೇಡವೆನಿಸಿ, ಎಷ್ಟೋ ಸಲ ಮಜ್ಜಿಗೆ ಕುಡಿದು ಮಲಗಿದ್ದೇನೆ.

ಆ ವಾರ ಶೆಡ್ಡಿನಲ್ಲಿದ್ದದ್ದು ಇಬ್ಬರೇ ಕೂರುವ, ಕಡ್ಡಿ ಚಕ್ರದ ಹಸಿರು ರೇಸು ಕಾರು. ದೇಶ ಬಿಟ್ಟು ಹೊರಟಿದ್ದ ಬಿಳಿ ದೊರೆಯೊಬ್ಬನದು. ಘಾಟಿ ಇಳಿದು ಸೇಲಂ ಕಡೆ ಹೋಗಬೇಕು, ಹಿಂದಿನ ಬ್ರೇಕು ಹಿಡಿಯುತ್ತಿಲ್ಲ, ನಾಲ್ಕು ದಿನದಲ್ಲಿ ಸರಿಮಾಡು ಎಂದು ಹೇಳಿ ಬಿಟ್ಟುಹೋಗಿದ್ದ.

ಚಕ್ರದ ಬ್ರೇಕಿನ ಡ್ರಮ್ಮು ಕಳಚುವುದಕ್ಕೇ ಅರ್ಧ ದಿನ ಹಿಡಿಯಿತು. ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಷೂಗಳ ಮೇಲಿನ ಲೈನಿಂಗ್ ಪಟ್ಟಿ ಸವೆದು, ರಿವೆಟ್ಟಿನ ತಲೆಗಳು ಡ್ರಮ್ಮನ್ನು ಗೀರಿದ್ದವು. ಆ ಅಳತೆಯ ಲೈನಿಂಗ್ ಆಗ ಎಲ್ಲಿ ಸಿಗಬೇಕು? ಮಿಲಿಟರಿ ಲಾರಿಯ ಹಳೆಯ ತುಂಡನ್ನು ಕತ್ತರಿಸಿ, ತಾಮ್ರದ ರಿವೆಟ್ ಬಡಿದು ಕೂರಿಸಿದೆ. ಕಿರುಗುಟ್ಟದಿರಲೆಂದು ತುದಿಗಳನ್ನು ಅರದಿಂದ ಓರೆಯಾಗಿ ಉಜ್ಜಬೇಕಿತ್ತು. ಬಲಗಡೆಯದನ್ನು ಉಜ್ಜಿದೆ, ಎಡಗಡೆಗೆ ಬರುವಷ್ಟರಲ್ಲಿ ಬೇಜಾರಾಗಿ ಬಿಟ್ಟೆ. ಡ್ರಮ್ಮು ಹಾಕಿ ಕೈಯಲ್ಲಿ ತಿರುಗಿಸಿದರೆ ಎಡಗಡೆಯದು ಕಿರ್ರ್ ಎಂದಿತು. ಓಡಿದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಅಷ್ಟರಲ್ಲಿ ಬಂದು ಆ ಸದ್ದು ಕೇಳಿದ್ದ ಮುದುಕನನ್ನು ಅಲ್ಲೇ ಕೂರಿಸಿ ಬಾವಿಗೆ ಹೋದೆ.

ಬಂದ ಮೇಲೆ ಚಕ್ರ ಹಾಕಿ, ಕಾರನ್ನು ಇಳಿಜಾರಿಗೆ ಕೊಂಡೊಯ್ದೆ. ಬ್ರೇಕು ತುಳಿದದ್ದೇ ತಡ, ಅದು ಬಲಕ್ಕೆ ಎಳೆದುಕೊಂಡು ಹೋಗಿ ರಾಗಿಹೊಲಕ್ಕೆ ನುಗ್ಗಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಮೆಲ್ಲಗೆ ಶೆಡ್ಡಿಗೆ ತಂದು ಎಡಗಡೆಯ ಡ್ರಮ್ಮು ಬಿಚ್ಚಿದರೆ ಹರಳೆಣ್ಣೆಯ ವಾಸನೆ. ಹೊಸ ಲೈನಿಂಗ್ ಎಣ್ಣೆಯಲ್ಲಿ ನೆಂದುಹೋಗಿತ್ತು; ಎಣ್ಣೆ ತಾಗಿದ ಬ್ರೇಕು ಹಿಡಿಯುವುದಿಲ್ಲ.

ಗಾಡಿಯವರ ಕೀಲೆಣ್ಣೆ ಅದು, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಬಿದಿರ ಕೊಳವೆಯಲ್ಲಿ ತುಂಬಿ ಗಾಡಿಗೆ ನೇತುಹಾಕಿರುತ್ತಾರೆ. ನಮ್ಮ ಸೀಮೆಯಲ್ಲಿ ಯಾರ ಗಾಡಿಯ ಗಾಲಿ ಕಿರುಗುಟ್ಟಿದರೂ, ಎದುರಿಗೆ ಬಂದವನು ನಿಲ್ಲಿಸಿ ತನ್ನ ಕೊಳವೆಯಿಂದ ಎಣ್ಣೆ ಹಾಕಿಯೇ ಮುಂದೆ ಹೋಗಬೇಕು. ಹಾಗೇ ಹೋದರೆ ಎತ್ತಿನ ಶಾಪ ತಟ್ಟುತ್ತದೆ ಎನ್ನುತ್ತಾರೆ.

"ಗಾಲಿ ಅಳ್ತಿತ್ತು ಕಣ್ಲಾ," ಎಂದ ಮುದುಕ. "ತೂತದಾಗೆ ಒಂಚೂರು ಬುಟ್ಟೆ."

ಡ್ರಮ್ಮಿನಲ್ಲಿ ಷೂ ಹೊಂದಿಸಲೆಂದು ಇದ್ದ ತೂತು ಅದು. ಅವನ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. ನನಗೆ ಮೈಯೆಲ್ಲ ಉರಿಯಿತು.

"ಎತ್ತು ಕಾಯ್ದು ಕಾಯ್ದು ಎತ್ತಿನ ಬುದ್ಧೀನೇ ಬಂದೈತೆ ನಿಂಗೆ. ಇನ್ಮೇಕೆ ಈ ಕಡೆ ಬರ್ಬ್ಯಾಡ."

ಅವನು ಎದ್ದ. ಎತ್ತು ಕಟ್ಟಿಕೊಂಡು ಹೊರಟುಹೋದ. ಅವನ ಎಣ್ಣೆಯ ಕೊಳವೆ ನನ್ನ ಬೆಂಚಿನ ಮೇಲೆಯೇ ಉಳಿಯಿತು.

ಮತ್ತೆರಡು ದಿನ ಕೂತು, ಇದ್ದ ಕೊನೆಯ ತುಂಡಿನಿಂದ ಲೈನಿಂಗ್ ಮಾಡಿದೆ. ಈ ಸಲ ತುದಿಗಳನ್ನು ಉಜ್ಜಿದೆ. ಡ್ರಮ್ಮು ತಿರುಗಿಸಿದರೆ ಒಂದಿಷ್ಟೂ ಸದ್ದಿಲ್ಲ. ಗಾಲಿ ಅತ್ತದ್ದು ನನ್ನ ಸೋಮಾರಿತನದಿಂದ. ಮುದುಕನ ಕಿವಿ ಸರಿಯಾಗಿಯೇ ಕೇಳಿತ್ತು, ಔಷಧಿ ಮಾತ್ರ ತಪ್ಪಾಗಿತ್ತು. ದೊರೆ ಬಂದು, ಓಡಿಸಿ ನೋಡಿ, ಕೈ ಕುಲುಕಿ ಹೋದ. ನನಗೆ ಯಾವ ಸಂತೋಷವೂ ಆಗಲಿಲ್ಲ.

ಮುಂದಿನ ವಾರ ಮುದುಕನ ಗಾಡಿ ಬಂತು. ದೂರದಿಂದಲೇ ಗೊತ್ತಾಯಿತು: ಗಾಲಿ ಕಿರುಗುಟ್ಟುತ್ತಿತ್ತು. ಶೆಡ್ಡಿನ ಮುಂದೆ ನಿಲ್ಲಲಿಲ್ಲ. ಬೇರೆ ಕೊಳವೆ ಮಾಡಿಕೊಳ್ಳಲು ಅವನಿಗೆ ಅರ್ಧ ದಿನ ಸಾಕಿತ್ತು, ಮಾಡಿಕೊಂಡಿರಲಿಲ್ಲ. ನಾನು ಕರೆಯಲಿ ಎಂದು ಕಾಯುತ್ತಿದ್ದಾನೆ ಎಂದೇ ತಿಳಿದೆ. ಕೊಳವೆ ಹಿಡಿದು ರಸ್ತೆಗಿಳಿದು ಅವನ ಗಾಲಿಗೆ ಎಣ್ಣೆ ಹಾಕಿದ್ದರೆ ಮುಗಿಯುತ್ತಿತ್ತು. ಒಂದು ಮಾತೂ ಆಡಬೇಕಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ನನ್ನದು ಬರುವ ಹಾಗಿತ್ತು, ನಾನೇ ಏಳಲಿಲ್ಲ. ನಾಚಿಕೆಯಾಗಿ, ರಿಪೇರಿಗೆ ಬಂದಿದ್ದ ಕಾರಿನ ಬಾನೆಟ್ಟಿನೊಳಗೆ ತಲೆ ಹುದುಗಿಸಿದೆ.

ಹೀಗೆ ಐದು ವಾರ. ಆ ಕಿರುಗುಟ್ಟುವ ಸದ್ದು ಕೇಳಿದಾಗಲೆಲ್ಲ ನಾಚಿಕೆಯ ಜೊತೆಗೆ, ಇನ್ನೂ ಕಾಯುತ್ತಿದ್ದಾನೆ ಎಂಬ ಧೈರ್ಯವೂ ಬರುತ್ತಿತ್ತು. ನಾಳೆ ಕೊಟ್ಟರಾಯಿತು ಎಂದು ಕೊಳವೆಯನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದ್ದೆ.

ಆರನೆಯ ವಾರ ಒಂದು ಮಧ್ಯಾಹ್ನ ಇಬ್ಬರಿಗಾಗುವಷ್ಟು ಮುದ್ದೆ ಮಾಡಿ, ಕೊಳವೆ ಕೈಲಿ ಹಿಡಿದು ಬಾಗಿಲಲ್ಲಿ ಕೂತೆ. ಕಿವಿಯೆಲ್ಲ ರಸ್ತೆಯ ಕಡೆಗೇ. ಏನೂ ಕೇಳಿಸಲಿಲ್ಲ. ಇವತ್ತು ಬರಲಿಲ್ಲವೇನೋ ಎಂದು ತಲೆಯೆತ್ತಿದರೆ, ಗಾಡಿ ಆಗಲೇ ಹುಣಸೆಮರ ದಾಟಿ ಹೋಗುತ್ತಿತ್ತು. ಅದರ ಕೆಳಗೆ ಹೊಸ ಹಸಿರು ಬಿದಿರಿನ ಕೊಳವೆ ತೂಗಾಡುತ್ತಿತ್ತು.