ಸೂರಿನಿಂದ ಇಳಿದ ಅಜವಾನದ ವಾಸನೆ

ಮಧ್ಯಾಹ್ನ ಎರಡೂ ಹತ್ತಕ್ಕೆ ನನ್ನ ಕೋಣೆಯ ಸೂರಿನ ಜಾಲರಿಯಿಂದ ಸುಟ್ಟ ಅಜವಾನದ ವಾಸನೆ ಇಳಿಯಿತು. ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ನನಗೆ ಮೊದಲು ಹಿತವೇ ಅನ್ನಿಸಿತು. ಧಾರವಾಡದ ಬಾಣಂತಿ ಕೋಣೆಗಳ ವಾಸನೆ ಅದು.

ತಂಗಿ ಹೆತ್ತು, ಮುಂಬೈಯ ಮುಲುಂಡಿನ ನಮ್ಮ ಫ್ಲ್ಯಾಟಿಗೆ ಬಂದು ಕೆಲವೇ ದಿನಗಳಾಗಿದ್ದವು. ಬಾಣಂತನಕ್ಕೆ ಧಾರವಾಡದಿಂದ ಬಂದ ಅವ್ವನಿಗೆ, ಎಲ್ಲ ಕೋಣೆಗೂ ಸೂರಿನಿಂದ ತಂಪು ಬಿಡುವ ಎಸಿ ಇಡೀ ಮನೆಗೆ ಒಂದೇ ಎಂಬುದು ಸೋಜಿಗ. ಅದನ್ನು ನಿಲ್ಲಿಸಲು ತಂಗಿ ಒಪ್ಪಲಿಲ್ಲ; ಬಾಣಂತಿಗೆ ಕೆಂಡದ ಕಾವು ಕೊಡದೆ ಬಿಡಲು ಅವ್ವ ಒಪ್ಪಲಿಲ್ಲ. ಕೊನೆಗೆ ಆ ಮಧ್ಯಾಹ್ನ ಎರಡೂ ನಡೆದವು. ಸೂರಿನಿಂದ ತಂಪು, ಮಂಚದ ಕೆಳಗೆ ಇದ್ದಿಲಿನ ಶೆಗಡಿ, ಅದರ ಮೇಲೆ ಒಂದು ಹಿಡಿ ಅಜವಾನ.

"ಹೊಗಿ ಎಲ್ಲಿ ಹೊಕ್ಕೇತಿ ಬೇ?" ಎಂದು ತಂಗಿ ಕೇಳಿದಾಗ ಅವ್ವ ಬಾಗಿಲ ಮೇಲಿನ ದೊಡ್ಡ ಜಾಲರಿ ತೋರಿಸಿದ್ದಳು. "ಅಲ್ನೋಡು, ಹೆಂಗ ಎಳಕೊಳ್ಳಾಕತ್ತೇತಿ! ಮುಂಬೈ ಮಂದಿ ಮನಿಗೂ ಮೂಗ ಇಟ್ಟೀರಿ. ಹೊರಗ ಬಿಡತೈತಿ ತಗೋ."

ನಾವು ಮೂವರೂ ನಕ್ಕಿದ್ದೆವು.

ವಾಸನೆ ಬಂದ ಒಂದು ತಾಸಿನಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ತಂಗಿಯ ಕೋಣೆ ಮನೆಯ ಇನ್ನೊಂದು ತುದಿಗೆ. ಅದರ ಬಾಗಿಲೂ ಮುಚ್ಚಿತ್ತು, ನನ್ನದೂ ಮುಚ್ಚಿತ್ತು. ವಾಸನೆ ಮಾತ್ರ ಬಂದಿತ್ತು. ಆಗ ಹೊಳೆಯಿತು. ಆ ಮೂಗು ಹೊರಗೆ ಏನನ್ನೂ ಬಿಡುವುದಿಲ್ಲ. ಒಳಗಿನ ಗಾಳಿಯನ್ನೇ ಎಳೆದು, ತಣ್ಣನೆಯ ಸುರುಳಿಗಳ ಮೇಲೆ ಹಾಯಿಸಿ, ಸೂರಿನ ಕೊಳವೆಗಳಲ್ಲಿ ಮತ್ತೆ ಕೋಣೆ ಕೋಣೆಗೆ ಹಂಚುತ್ತದೆ. ಮನೆಯಿಂದ ಹೊರಗೆ ಹೋಗುವುದು ಶಾಖ ಒಂದೇ. ಅಜವಾನ ಬಂದ ದಾರಿಯಲ್ಲೇ, ಕೆಂಡದ ವಾಸನೆಯಿಲ್ಲದ ವಿಷಾನಿಲವೂ ಬರುತ್ತಿತ್ತು.

ತಂಗಿಯ ಕೋಣೆಗೆ ಓಡಿದೆ. ಅವ್ವ ಗೋಡೆಗೊರಗಿ ತೂಕಡಿಸುತ್ತಿದ್ದಳು. "ಅಕ್ಕಾ, ಕಾಲ ಏಳವಲ್ಲವು," ಎಂದಳು ತಂಗಿ, ಕುಡಿದವರ ಹಾಗೆ. ಕೂಸು ಒದ್ದೆ ಬಟ್ಟೆಯಂತೆ ನನ್ನ ತೋಳಿನ ಮೇಲೆ ಜೋತುಬಿತ್ತು. ಅದನ್ನೆತ್ತಿಕೊಂಡು ಬಾಲ್ಕನಿಗೆ ಬಂದೆ, ಕೂಗಿ ನೆರೆಯವರನ್ನು ಕರೆದೆ. ತಂಗಿಯನ್ನು ಅವರೇ ಹೊತ್ತು ತಂದರು. ಅವ್ವ ಅಂಬೆಗಾಲಿಟ್ಟು ಬಂದಳು. "ಅಳ ನನ್ನಪ್ಪಾ, ಒಮ್ಮೆ ಅಳ!" ಎಂದಳು. ಕೂಸಿನಿಂದ ಬೆಕ್ಕಿನ ಮರಿಯಂಥ ಒಂದು ದನಿ ಕೊನೆಗೆ ಬಂತು.

"ಬಂದ್ ಕಮರೇ ಮೇ ಕೋಯ್ಲಾ?" ಮುಚ್ಚಿದ ಕೋಣೆಯಲ್ಲಿ ಇದ್ದಿಲೇ ಎಂದು ಆಸ್ಪತ್ರೆಯ ಡಾಕ್ಟರ್ ಹಣೆ ಚಚ್ಚಿಕೊಂಡರು. ಆಮೇಲೆ ಅವರು ಹೇಳಿದ ಮಾತನ್ನು ಇಂದಿಗೂ ತಿರುವಿಹಾಕುತ್ತಿದ್ದೇನೆ. ವಿಷ ಮನೆಯೆಲ್ಲ ಹರಡಿದ್ದರಿಂದಲೇ ಆ ಕೋಣೆಯಲ್ಲಿ ತೆಳುವಾಯಿತಂತೆ. ಕೂಸು ತಡೆದುಕೊಂಡದ್ದು ಹಾಗೆ. ಕೂಸಿನ ಪಾಲಿನ ವಿಷವನ್ನು ಆ ಯಂತ್ರ ನಮ್ಮೆಲ್ಲರ ಎದೆಗೂ ಹಂಚಿಕೊಟ್ಟಿತ್ತು. ಗೋಡೆಗಳಿವೆ, ಬಾಗಿಲುಗಳಿವೆ ಎಂದುಕೊಂಡಿದ್ದ ಮನೆಯಲ್ಲಿ ನಾವು ಒಂದೇ ಉಸಿರನ್ನು ಸರದಿಯ ಮೇಲೆ ಉಸಿರಾಡುತ್ತಿದ್ದೆವು.

ಮನೆಗೆ ಮರಳಿದ ಮೇಲೂ ಅವ್ವ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಕೂರುತ್ತಿದ್ದಳು. ನಾನು ಜಾಲರಿ ನೋಡುತ್ತಾ ಮಲಗುತ್ತಿದ್ದೆ.

ತಡವಾಗಿಯೇ ತೊಟ್ಟಿಲ ಶಾಸ್ತ್ರವಾಯಿತು. ಅಂದು ಬಂದವರಿಗಾಗಿ ಎಲ್ಲ ಕಿಟಕಿ ತೆರೆದಿದ್ದೆವು. ಆಮೇಲೆ ಯಾರೂ ಮುಚ್ಚಲಿಲ್ಲ. ರಾತ್ರಿ ಅವ್ವ ಬಿಸಿನೀರಿನ ಚೀಲವನ್ನು ತಂಗಿಯ ಬೆನ್ನಿಗಿಟ್ಟು, "ಇದಕ್ಕ ಹೊಗಿ ಇಲ್ಲವಾ," ಎಂದು ಪಕ್ಕದಲ್ಲೇ ಮಲಗಿದಳು. ಕೂಸು ಹಸಿದು ಕಿರುಚಿದಾಗ ಕಣ್ಣು ಬಿಟ್ಟೆ. ಬೆಳಗಾಗಿತ್ತು. ಲೋಕಲ್ ರೈಲಿನ ಸದ್ದು ಕಿಟಕಿಯಿಂದ ಬರುತ್ತಿತ್ತು. ಅವ್ವ ಇನ್ನೂ ಗೊರಕೆ ಹೊಡೆಯುತ್ತಿದ್ದಳು.