ಕೊನೆಯ ಸ್ನಾನಕ್ಕೆ ಬೆಚ್ಚನೆಯ ನೀರು

ಭದ್ರಾವತಿಯ ಹಳೇನಗರದಲ್ಲಿ ಬೆಳಗಿನ ಆಜಾನ್ ಈಗಷ್ಟೇ ಮುಗಿದಿದೆ. ಸಾವಾದ ಮನೆಯೊಂದರ ಹಿತ್ತಲಲ್ಲಿ ಸೀರೆಗಳನ್ನು ಕಟ್ಟಿ ಮರೆ ಮಾಡಿದ್ದಾರೆ. ಒಳಗೆ ಖೈರುನ್ನೀಸಾ ಎಲಚಿ ಎಲೆ ಹಾಕಿ ಕಾಯಿಸಿದ ನೀರಿಗೆ ಮೊಣಕೈ ಅದ್ದಿ ನೋಡುತ್ತಿದ್ದಾರೆ, ಎಳೆಗೂಸಿಗೆ ಎರೆಯುವ ಮುಂಚೆ ನೋಡುವ ಹಾಗೆ. ಹಲಗೆಯ ಮೇಲೆ ಮಲಗಿರುವ ಹಿರಿಯಾಕೆಯ ಕಿವಿಯ ಹತ್ತಿರ ಬಗ್ಗಿ, "ಆಪಾ, ಸ್ವಲ್ಪ ತಿರುಗ್ಸ್ತೀನಿ, ಬೇಜಾರ್ ಮಾಡ್ಕೋಬೇಡಿ" ಅನ್ನುತ್ತಾರೆ. ಹೇಳದೆ ಕೇಳದೆ ಅವರು ಯಾರ ಮೈಯನ್ನೂ ಮುಟ್ಟಿದವರಲ್ಲ.

ಮುಸ್ಲಿಂ ಹೆಣ್ಣುಮಗಳು ತೀರಿಕೊಂಡರೆ ಕೊನೆಯ ಸ್ನಾನ, ಅಂದರೆ ಗುಸುಲ್, ಹೆಂಗಸರೇ ಮಾಡಿಸಬೇಕು. ಅತ್ತೆಯಿಂದ ಕಲಿತ ಈ ಕೆಲಸಕ್ಕೆ ಖೈರುನ್ನೀಸಾರಿಗೆ ಶಿವಮೊಗ್ಗದ ವಿದ್ಯಾನಗರದಿಂದಲೂ ಆಯನೂರಿನಿಂದಲೂ ಫೋನ್ ಬರುತ್ತದೆ. ಗಂಡ ಪೀರ್ ಬಾಷಾ ಗೊಣಗುತ್ತಲೇ ಆಟೊ ಹೊರಗೆ ತೆಗೆಯುತ್ತಾರೆ. ಎಲಚಿ ಎಲೆ ಪಕ್ಕದ ಮನೆಯ ಬಸವರಾಜೇಶ್ವರಿಯವರ ಹಿತ್ತಲಿನದು. "ಯಾರು ಹೋದ್ರು ಮಾರಾಯ್ತಿ?" ಎಂದು ಕೇಳುತ್ತಲೇ ಅವರು ಕೊಂಬೆ ಬಗ್ಗಿಸಿ ಕೊಡುತ್ತಾರೆ. ಹೊಟ್ಟೆಪಾಡಿಗೆ ಖೈರುನ್ನೀಸಾರ ಬಳಿ ಹೊಲಿಗೆ ಮೆಷಿನ್ ಇದೆ. ಈ ಕೆಲಸಕ್ಕೆ ಮಾತ್ರ ಅವರು ಯಾರಿಂದಲೂ ಕಾಸು ಮುಟ್ಟುವುದಿಲ್ಲ.

ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಮಾಡಿಸಿರಬಹುದು ಎಂದರೆ ಗದರಿಯೇ ಬಿಡುತ್ತಾರೆ. "ಅದನ್ನೆಲ್ಲ ಎಣಿಸ್ತಾರಾ? ನಿಯ್ಯತ್ ಮುಖ್ಯ, ಮನಸ್ಸಲ್ಲಿ ಏನಿಟ್ಕೊಂಡು ಮಾಡ್ತೀವಿ ಅನ್ನೋದು." ಮೈಮೇಲಿನ ಕಲೆ, ಊನ, ಕಾಯಿಲೆಯ ಗುರುತು ಯಾವುದೂ ಅವರ ಬಾಯಿಂದ ಹೊರಬಿದ್ದಿಲ್ಲ. "ಅದು ಅಮಾನತ್ತು. ನಂಬಿ ಒಪ್ಪಿಸಿದ್ದು. ನನ್ ಜೊತೆನೇ ಮಣ್ಣಿಗೆ ಹೋಗ್ಬೇಕು."

ಆದರೆ ಕೆಲಸವೂ ತನ್ನ ಜೊತೆ ಮಣ್ಣಿಗೆ ಹೋಗಬಾರದಲ್ಲ! ಚಿಂತೆ ಅದೇ. ಮಂಡಿ ಸವೆದಿದೆ, ಕೂತರೆ ಏಳಲಾಗುವುದಿಲ್ಲ. "ಇದು ಫರ್ಜ್-ಎ-ಕಿಫಾಯಾ. ಊರಲ್ಲಿ ಯಾರಾದ್ರೂ ಮಾಡಿದ್ರೆ ಎಲ್ಲರ ಹೊಣೆ ತೀರುತ್ತೆ. ಯಾರೂ ಮಾಡ್ಲಿಲ್ವೋ, ಪಾಪ ಎಲ್ಲರ ತಲೆಗೂ. ನಾನು ಬಿದ್ಮೇಲೆ ಯಾರು ಹೇಳಿ?"

ಸೊಸೆ ಸಫೂರಾ ಇದ್ದಾಳೆ, ನಿಜ. ಆದರೆ ಹೆಣವೆಂದರೆ ಅವಳ ಜೀವ ಬಾಯಿಗೆ ಬರುತ್ತದೆ. ಅತ್ತೆಯ ಚೀಲ ಹೊತ್ತು ಬರುತ್ತಾಳೆ, ಮರೆಯ ಹೊರಗೆ ಬೆನ್ನು ತಿರುಗಿಸಿ ಕಾವಲು ನಿಲ್ಲುತ್ತಾಳೆ, ಅಷ್ಟೇ. ಖೈರುನ್ನೀಸಾ ಒಂದು ದಿನವೂ ಒತ್ತಾಯಿಸಿದವರಲ್ಲ. "ಬಲವಂತ ಮಾಡಿದ್ರೆ ನಿಯ್ಯತ್ ಎಲ್ಲಿಂದ ಬರ್ಬೇಕು?"

ಇವತ್ತು ಮಂಡಿ ಹಿಡಿದುಕೊಂಡೇ ಬಿಟ್ಟಿದೆ. ಸೋಪಿನ ನೊರೆ ಹಾಗೇ ಇದೆ, ಚೊಂಬು ಕೈಯಲ್ಲಿದೆ, ಮೇಲೇಳಲಾಗುತ್ತಿಲ್ಲ. ಮನೆಯ ಹೆಣ್ಣುಮಕ್ಕಳು ಗೋಡೆಗೊರಗಿ ಅಳುತ್ತಿದ್ದಾರೆ. "ಅಮ್ಮೀ?" ಎಂದು ಹೊರಗಿನಿಂದ ಸಫೂರಾಳ ದನಿ. ಸೀರೆ ಸರಿಸಿ, ಕಣ್ಣು ಅರ್ಧ ಮುಚ್ಚಿಕೊಂಡೇ ಒಳಬಂದವಳು ಅತ್ತೆಯ ಕೈಯಿಂದ ಚೊಂಬು ಕಿತ್ತುಕೊಂಡು, ಹತ್ತಿರದ ಬಕೆಟ್ಟಿನಿಂದ ತುಂಬಿ ಸುರಿದೇ ಬಿಡುತ್ತಾಳೆ.

"ಅಯ್ಯೋ ಮಾರಾಯ್ತಿ, ಅದು ತಣ್ಣೀರು!"

"ಅವರಿಗೆ ಚಳಿ ಗೊತ್ತಾಗುತ್ತಾ ಅಮ್ಮೀ?"

"ಅದು ಅಲ್ಲಾಗೆ ಗೊತ್ತು. ಚಳಿ ಅಂತ ಹೇಳೋಕೆ ಅವರಿಗೆ ಬಾಯಿಲ್ಲ, ನಾವೇ ನೋಡ್ಕೋಬೇಕು."

ಸಫೂರಾ ಕಣ್ಣು ಪೂರ್ತಿ ತೆರೆಯುತ್ತಾಳೆ. ಹಂಡೆಯ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ, ಸಾಲದೆಂದು ಇನ್ನಷ್ಟು ಬೆರೆಸುತ್ತಾಳೆ. ಹೊದಿಸಿದ ಬಟ್ಟೆ ಸರಿಯದ ಹಾಗೆ, ಬಲಗಡೆಯಿಂದ ಮೆಲ್ಲಗೆ ಎರೆಯುತ್ತಾಳೆ. "ಕ್ಷಮಿಸಿ ಆಪಾ" ಎಂದು ಅವಳು ಪಿಸುಗುಟ್ಟಿದ್ದು ಖೈರುನ್ನೀಸಾರಿಗೂ ಕೇಳಿಸುತ್ತದೆ. ಕೊನೆಗೆ ಕರ್ಪೂರದ ನೀರು, ಆಮೇಲೆ ಹೊದಿಸಲು ಬಿಳಿಯ ಕಫನ್ ಬಟ್ಟೆ. ಅತ್ತೆ ಕೂತಲ್ಲಿಂದಲೇ ಹೇಳುತ್ತಾರೆ, ಸೊಸೆ ಮಾಡುತ್ತಾಳೆ.

ಬಿಸಿಲೇರುವ ಹೊತ್ತಿಗೆ ಆಟೊ ಮನೆಯತ್ತ ಹೊರಟಿದೆ. ಇನ್ನೇನು ಆಸೆ ಉಳಿದಿದೆ ಎಂದರೆ ಖೈರುನ್ನೀಸಾ ಮಂಡಿ ನೀವಿಕೊಳ್ಳುತ್ತಾ ನಗುತ್ತಾರೆ. "ನನ್ನ ಸರದಿ ಬಂದಾಗ ನೀರು ಬೆಚ್ಚಗಿದ್ರೆ ಸಾಕು. ತಣ್ಣೀರು ನಂಗೆ ಮೊದ್ಲಿಂದ್ಲೂ ಆಗಲ್ಲ."

"ಬೆಳಗ್ಗೆ ಬೆಳಗ್ಗೆ ಎಂಥ ಮಾತು!" ಎಂದು ಪೀರ್ ಬಾಷಾ ಹಾರ್ನ್ ಒತ್ತುತ್ತಾರೆ. ಸಫೂರಾ ಮಾತ್ರ ಒದ್ದೆ ತೋಳನ್ನು ಹಿಂಡುತ್ತಾ ಹೇಳುತ್ತಾಳೆ: "ದಿನಾ ನಿಮಗೆ ಸ್ನಾನಕ್ಕೆ ನೀರು ಕಾಯಿಸೋಳು ನಾನೇ ಅಲ್ವಾ ಅಮ್ಮೀ? ಎಷ್ಟು ಬಿಸಿ ಬೇಕು ಅಂತ ನಂಗೆ ಗೊತ್ತು."